ಹಿಮಾಲಯದ ಹೊಳೆ, ಬ್ರೌನ್ ಟ್ರೌಟ್, ಫ್ಲೈ ಫಿಶಿಂಗ್: ನಮ್ಮ ಕಾರವಾರ-ಶಿರಸಿ ಕಡೆಯವ್ರು ಪದೇ ಪದೇ ಕೇಳೋ ಪ್ರಶ್ನೆಗಳು

ಕಾರವಾರದಲ್ಲಿ ಮೀನು ಪೇಟೆಗೆ ಹೋದ್ರೂ ಅಷ್ಟೇ, ಶಿರಸಿ ಕಡೆ ಮದುವೆ ಮನೆಲಿ ಊಟಕ್ಕೆ ಕೂತ್ರೂ ಅಷ್ಟೇ, ಯಾರಾದ್ರೂ ಒಬ್ರು ಈ ವಿಷಯ ತೆಗೀತಾರೆ. ಎಂಟು ವರ್ಷದಿಂದ ಹಿಮಾಚಲದ ತೀರ್ಥನ್ ಹೊಳೆಗೆ ಹೋಗ್ತಾ ಇದ್ದೇನೆ, ಫ್ಲೈ ರಾಡಲ್ಲಿ ಬ್ರೌನ್ ಟ್ರೌಟ್ ಹಿಡಿದು ವಾಪಸ್ ಹೊಳೆಗೇ ಬಿಡ್ತೇನೆ. ಮಾತಲ್ಲಿ, ಫೋನಲ್ಲಿ, ಪತ್ರದಲ್ಲಿ ಬಂದ ಪ್ರಶ್ನೆಗಳನ್ನ ಕೇಳಿದವರ ಬಾಯಲ್ಲಿ ಹೇಗೆ ಬಂತೋ ಹಾಗೇ ಇಟ್ಟಿದ್ದೇನೆ. ಸುಲಭದ್ದು ಮೇಲೆ, ಕಷ್ಟದ್ದು ಕೆಳಗೆ.

## ಶುರುವಿನ ಪ್ರಶ್ನೆಗಳು

"ಬ್ರೌನ್ ಟ್ರೌಟ್ ಅಂದ್ರೆ ಎಂತಾ ಮೀನು ಮಾರಾಯ್ರೆ? ನಮ್ಮ ಪೇಟೆಗೆ ಬರೋದೇ ಇಲ್ವಲ್ಲ"

ತಣ್ಣನೆ ನೀರಿನ ಮೀನು, ಸಾಲ್ಮನ್ ಕುಟುಂಬದ್ದು, ಮೂಲ ಊರು ಯುರೋಪ್. ಹುರುಪೆ ಎಷ್ಟು ಸಣ್ಣ ಅಂದ್ರೆ ಮುಟ್ಟಿದ್ರೆ ಬರೀ ಚರ್ಮದ ಹಾಗೇ ಅನಿಸ್ತದೆ. ಬೆನ್ನು ಹೊಳೆ ಕಲ್ಲಿನ ಕಂದು, ಹೊಟ್ಟೆ ಕಡೆ ಬರ್ತಾ ಬರ್ತಾ ನಮ್ಮ ಜೋನಿಬೆಲ್ಲದ ಬಣ್ಣ, ಮೈತುಂಬ ಕಪ್ಪು ಚುಕ್ಕಿ, ಮಧ್ಯೆ ಮಧ್ಯೆ ಕೆಂಪು ಚುಕ್ಕಿ, ಆ ಚುಕ್ಕಿಗಳ ಸುತ್ತ ಬಿಳಚಿದ ಒಂದು ಉಂಗುರ. ಬೆನ್ನಿನ ಮೇಲೆ ಬಾಲದ ಹತ್ರ ಒಂದು ಪುಟಾಣಿ ಮೆತ್ತನೆ ರೆಕ್ಕೆ ಇರ್ತದೆ, ಅದು ಈ ಕುಟುಂಬದ ಗುರುತು. ರೇನ್‌ಬೋ ಟ್ರೌಟ್ ಬೇರೆ, ಅದಕ್ಕೆ ಮೈ ಉದ್ದಕ್ಕೂ ಗುಲಾಬಿ ಪಟ್ಟಿ, ಬಾಲದ ಮೇಲೂ ಕಪ್ಪು ಚುಕ್ಕಿ. ಬ್ರೌನ್ ಟ್ರೌಟಿನ ಬಾಲದಲ್ಲಿ ಚುಕ್ಕಿ ಇರೋದೇ ಇಲ್ಲ ಅನ್ನುವಷ್ಟು ಕಡಿಮೆ. ನನಗೆ ತೀರ್ಥನ್‌ನಲ್ಲಿ ಸಿಗೋದು ಹೆಚ್ಚಾಗಿ ಒಂದು ಗೇಣಿನಿಂದ ಒಂದೂವರೆ ಗೇಣಿನಷ್ಟು ಉದ್ದದ್ದು.

"ಕಾಳಿ ಹೊಳೆಲಿ ಸಿಗ್ತದಾ? ಅಘನಾಶಿನಿಲಿ? ಕೊನೇಪಕ್ಷ ಶಿರಸಿ ಕಡೆ ತಂಪಿನ ಹಳ್ಳದಲ್ಲಿ?"

ಇಲ್ಲ, ಎಲ್ಲೂ ಇಲ್ಲ. ಡಿಸೆಂಬರಲ್ಲಿ ಬೆಳಿಗ್ಗೆ ದೇವಿಮನೆ ಘಾಟಿನ ಹಳ್ಳಕ್ಕೆ ಕಾಲು ಇಟ್ರೆ ನಮಗೆ ಜುಂ ಅಂತದೆ, ಆದ್ರೆ ಟ್ರೌಟಿಗೆ ಅದು ಬಿಸಿನೀರೇ. ಅದಕ್ಕೆ ಹಿತ ಆಗೋದು 10ರಿಂದ 16 ಡಿಗ್ರಿ ನೀರು, 20 ದಾಟಿದ್ರೆ ತಿನ್ನೋದು ಬಿಡ್ತದೆ, 25ರ ಹತ್ರ ಹೋದ್ರೆ ಬದುಕೋದೇ ಕಷ್ಟ. ಇದರಲ್ಲಿ ಆಮ್ಲಜನಕದ್ದೂ ಪಾಲಿದೆ, 10 ಡಿಗ್ರಿ ನೀರು ಲೀಟರಿಗೆ ಸುಮಾರು 11 ಮಿಲಿಗ್ರಾಂ ಆಮ್ಲಜನಕ ಹಿಡ್ಕೊಳ್ತದೆ, 30 ಡಿಗ್ರಿ ನೀರು ಏಳೂವರೆ ಮಾತ್ರ. ನಮಗೆ ಹತ್ರದ ಟ್ರೌಟ್ ಅಂದ್ರೆ ನೀಲಗಿರಿ ಮತ್ತು ಮುನ್ನಾರಿಂದು, ಆದ್ರೆ ಅಲ್ಲಿರೋದು ರೇನ್‌ಬೋ. ನೀಲಗಿರಿಯ ಅವಲಾಂಚಿಲಿ 1907ರ ಸುಮಾರಿಗೆ ಎಚ್. ಸಿ. ವಿಲ್ಸನ್ ಅನ್ನೋರು ಮರಿ ಮಾಡೋ ಕೇಂದ್ರ ಶುರು ಮಾಡಿದ್ರು. ಬ್ರೌನ್ ಬೇಕು ಅಂದ್ರೆ ಕಾಶ್ಮೀರ, ಹಿಮಾಚಲ, ಉತ್ತರಾಖಂಡದ ಕಡೆನೇ ಹೋಗ್ಬೇಕು.

"ಯುರೋಪಿನ ಮೀನು ಹಿಮಾಲಯಕ್ಕೆ ಹೇಗೆ ಬಂತು? ತಂದು ಬಿಟ್ಟದ್ದನ್ನ 'ವೈಲ್ಡ್' ಅಂತ ಹೇಳೋದು ಸರಿನಾ?"

ಬ್ರಿಟಿಷರು ತಂದದ್ದು. ಕಾಶ್ಮೀರಕ್ಕೆ ಮೊದಲು ಕಳಿಸಿದ ಮೊಟ್ಟೆ ದಾರಿಲೇ ಹಾಳಾಯ್ತು, 1900ರಲ್ಲಿ ಸ್ಕಾಟ್ಲೆಂಡಿಂದ ಬಂದದ್ದು ಉಳೀತು. ಅಲ್ಲಿ ಅದರ ಹಿಂದೆ ಬಿದ್ದು ಕೆಲಸ ಮಾಡಿದ್ದು ಫ್ರಾಂಕ್ ಮಿಚೆಲ್ ಅನ್ನೋರು. ಕುಲ್ಲು ಕಣಿವೆಗೆ 1909ರ ಸುಮಾರಿಗೆ ಬಂತು, ಆಮೇಲೆ ಬಿಯಾಸ್ ಮತ್ತು ಅದಕ್ಕೆ ಸೇರೋ ಹೊಳೆಗಳಿಗೆಲ್ಲ ಹಬ್ಬಿಸಿದ್ರು. ವೈಲ್ಡ್ ಅಂತ ನಾವು ಹೇಳೋದು ಆ ಹೊಳೆಲೇ ಮೊಟ್ಟೆ ಒಡೆದು, ಅಲ್ಲೇ ಪ್ರವಾಹ ತಡ್ಕೊಂಡು ಬೆಳೆದ ಮೀನಿಗೆ. ಅಲ್ಲಿಯ ಮೂಲನಿವಾಸಿ ಅಂತ ಅರ್ಥ ಅಲ್ಲ. ಹ್ಯಾಚರಿಲಿ ಬೆಳೆಸಿ ಬಿಟ್ಟ ಮೀನಿನ ರೆಕ್ಕೆ ತುದಿ ಸಿಮೆಂಟ್ ತೊಟ್ಟಿಗೆ ತಿಕ್ಕಿ ತಿಕ್ಕಿ ಸವೆದಿರ್ತದೆ, ಹೊಳೇಲಿ ಹುಟ್ಟಿದ್ದರ ರೆಕ್ಕೆ ಪೂರ್ತಿ ಇರ್ತದೆ, ಅಂಚು ಚೂಪು. ಕೈಗೆ ಬಂದಾಗ ನಾನು ಮೊದಲು ನೋಡೋದು ಅದನ್ನೇ.

"ಫ್ಲೈ ಫಿಶಿಂಗಿಗೂ ನಮ್ಮ ಗಾಳಕ್ಕೂ ಎಂತಾ ವ್ಯತ್ಯಾಸ? ಎರಡಕ್ಕೂ ಕೊಕ್ಕೆ ಇದೆಯಲ್ಲ"

ಗಾಳದಲ್ಲಿ ಭಾರ ಇರೋದು ತುದಿಲಿ, ಸೀಸದ ಗುಂಡೋ ಸಿಗಡಿ ತುಂಡೋ ಮುಂದೆ ಹೋಗ್ತದೆ, ದಾರ ಅದರ ಹಿಂದೆ ಹೋಗ್ತದೆ. ಫ್ಲೈ ಅಂದ್ರೆ ಗರಿ ಮತ್ತೆ ದಾರ ಕಟ್ಟಿದ ಸಣ್ಣ ಕೊಕ್ಕೆ, ತೂಕನೇ ಇಲ್ಲ, ಅದನ್ನ ಎಸೆದ್ರೆ ಕಾಲ ಬುಡಕ್ಕೇ ಬೀಳ್ತದೆ. ಹಾಗಾಗಿ ಇಲ್ಲಿ ಎಸೆಯೋದು ದಾರವನ್ನೇ. ದಾರ ದಪ್ಪ ಇರ್ತದೆ, ಲೆಕ್ಕ ಇಟ್ಟು ತೂಕ ಕೊಟ್ಟಿರ್ತಾರೆ, 5 ವೇಟ್ ಅನ್ನೋ ಲೈನಿನ ಮೊದಲ 30 ಅಡಿ ಸುಮಾರು 9 ಗ್ರಾಂ ತೂಗ್ತದೆ. ಆ 9 ಗ್ರಾಂ ಗಾಳಿಲಿ ಬಿಚ್ಕೊಳ್ತಾ ಹೋಗುವಾಗ ಅದರ ಬೆನ್ನಿಗೆ ಫ್ಲೈ ಹೋಗಿ ನೀರಿನ ಮೇಲೆ ಮೆತ್ತಗೆ ಕೂರ್ತದೆ. ಬೀಸುಬಲೆ ಹಾಕಿ ಗೊತ್ತಿದ್ದವರಿಗೆ ಇದು ಬೇಗ ಅರ್ಥ ಆಗ್ತದೆ, ಅಲ್ಲೂ ಕೈಯಲ್ಲಿ ಬಲ ಇದ್ರೆ ಸಾಲೋದಿಲ್ಲ, ಬಲೆ ಬಿಚ್ಕೊಳ್ಳೋ ಹೊತ್ತು ಕೈಗೆ ಗೊತ್ತಾಗ್ಬೇಕು.

## ಸಾಮಾನು, ಕೈ ಪಳಗಿಸೋದು

"ಮೊದಲ ಸಲಕ್ಕೆ ಎಂತೆಲ್ಲ ತಗೊಳ್ಬೇಕು? ಅಂಗಡಿಯವ್ರು ಉದ್ದ ಪಟ್ಟಿ ಕೊಡ್ತಾರೆ"

ಪಟ್ಟಿ ಬಿಡಿ. 9 ಅಡಿಯ 5 ವೇಟ್ ರಾಡ್ ಒಂದು, ನಾಲ್ಕು ತುಂಡಾಗೋದು ತಗೊಳ್ಳಿ, ರೈಲಲ್ಲಿ ಬರ್ತಿನ ಮೇಲೆ ಇಡ್ಬಹುದು. ಅದೇ ನಂಬರಿನ ತೇಲೋ ಲೈನ್. ರೀಲು ಸಾಧಾರಣದ್ದು ಸಾಕು, ಈ ಗಾತ್ರದ ಮೀನಿಗೆ ಅದು ದಾರ ಸುತ್ತಿ ಇಡೋ ಉಂಡೆ ಅಷ್ಟೇ. ದುಡ್ಡು ಉಳಿಸ್ಬೇಕು ಅಂದ್ರೆ ರೀಲಲ್ಲಿ ಉಳಿಸಿ, ಲೈನಲ್ಲಿ ಉಳಿಸ್ಬೇಡಿ. 9 ಅಡಿ ಲೀಡರ್, ಅಂದ್ರೆ ದಪ್ಪ ಲೈನಿಗೂ ಫ್ಲೈಗೂ ಮಧ್ಯೆ ಕಟ್ಟೋ ಸಪೂರ ದಾರ, ಅದರ ತುದಿಗೆ ಕಟ್ಟೋಕೆ 4 ಎಕ್ಸ್ ಮತ್ತು 5 ಎಕ್ಸ್ ಟಿಪ್ಪೆಟ್, ಅದು ಫ್ಲೈ ಕಟ್ಟೋ ಕೊನೆಯ ಸಣ್ಣ ದಾರ. ಈ ಎಕ್ಸ್ ಲೆಕ್ಕ ಕೇಳಿ ತುಂಬಾ ಜನ ಗೊಂದಲ ಆಗ್ತಾರೆ, 11ರಿಂದ ಆ ಅಂಕೆ ಕಳೆದ್ರೆ ದಪ್ಪ ಒಂದು ಇಂಚಿನ ಸಾವಿರದ ಎಷ್ಟನೇ ಪಾಲು ಅಂತ ಬರ್ತದೆ, 5 ಎಕ್ಸ್ ಅಂದ್ರೆ ಸಾವಿರದಲ್ಲಿ 6, ಹೆಚ್ಚುಕಡಿಮೆ 0.15 ಮಿಲಿಮೀಟರ್. ಅಂಕೆ ದೊಡ್ಡದಾದಷ್ಟೂ ದಾರ ಸಣ್ಣ.

ಇವಿಷ್ಟರ ಜೊತೆ ಪೋಲರಾಯ್ಡ್ ಕನ್ನಡಕ ಕಡ್ಡಾಯ, ನೀರಿನ ಹೊಳಪು ಹೋಗಿ ತಳ ಕಾಣೋಕೂ ಬೇಕು, ಕೊಕ್ಕೆ ಕಣ್ಣಿಗೆ ಬೀಳದ ಹಾಗೂ ಬೇಕು. ಫ್ಲೈ ಮಾತ್ರ ಅಗ್ಗದ್ದು ಅಂತ ಎಲ್ಲೆಲ್ಲಿಂದಲೋ ತರಿಸ್ಬೇಡಿ. ಎರಡನೇ ವರ್ಷ ನಾನು ಹಾಗೆ ಒಂದು ಡಬ್ಬಿ ತರಿಸಿದ್ದೆ, ಒಂದು ಒಳ್ಳೆ ಮೀನು ಕಲ್ಲಿನ ಸಂದಿಯಿಂದ ಬಂದು ಹಿಡೀತು, ಎರಡು ಸಲ ಎಳೆದು ಹೋಯ್ತು, ದಾರ ತೆಗೆದು ನೋಡಿದ್ರೆ ಕೊಕ್ಕೆ ನೆಟ್ಟಗೆ ಸೂಜಿ ಹಾಗೆ ಆಗಿತ್ತು. ಆ ಡಬ್ಬಿ ಪೂರ್ತಿ ಅಂತಾದ್ದೇ.

"ಫ್ಲೈ ನಾನೇ ಕಟ್ಬಹುದಾ? ನಮ್ಮನೆ ಹುಂಜದ ಗರಿ ಆಗ್ತದಾ?"

ಆಗ್ತದೆ, ಚೆನ್ನಾಗೇ ಆಗ್ತದೆ. ಒಳ್ಳೆ ಬೆಳೆದ ನಾಟಿ ಹುಂಜದ ಕತ್ತಿನ ಗರಿ ತಗೊಳ್ಳಿ, ಉದ್ದ, ಸಪೂರ, ಎಳೆ ಗಟ್ಟಿ ಇರೋದು. ಬೆಳಕಿಗೆ ಹಿಡಿದು ಬಗ್ಗಿಸಿದ್ರೆ ಎಳೆಗಳು ಒಂದೊಂದೇ ಬಿಡಿಸಿ ನಿಲ್ತಾವೆ, ಅದನ್ನ ಕೊಕ್ಕೆಗೆ ಸುತ್ತಿದ್ರೆ ಸುತ್ತಲೂ ಕಾಲು ಬಂದ ಹಾಗೆ ಆಗಿ ಫ್ಲೈ ನೀರಿನ ಮೇಲೆ ತುದಿಗಾಲಲ್ಲಿ ನಿಲ್ತದೆ. ಹೇಂಟೆ ಗರಿ ಮೆತ್ತಗೆ, ನೀರು ಕುಡೀತದೆ, ಮುಳುಗೋ ಫ್ಲೈಗೆ ಅದು ಒಳ್ಳೇದು.

ನನಗೆ ಬಹಳ ಇಷ್ಟ ಫೆಸೆಂಟ್ ಟೇಲ್ ನಿಂಫ್. ನಿಂಫ್ ಅಂದ್ರೆ ನೀರಿನ ಒಳಗಿರೋ ಹುಳದ ಮರಿ ಹಾಗೆ ಕಟ್ಟಿದ, ಮುಳುಗೋ ಫ್ಲೈ. ಇಂಗ್ಲೆಂಡಿನ ಏವನ್ ಹೊಳೆ ನೋಡ್ಕೊಳ್ತಾ ಇದ್ದ ಫ್ರಾಂಕ್ ಸಾಯರ್ ಅನ್ನೋರು ಕಟ್ಟಿದ್ದು, ಅವ್ರು ದಾರದ ಬದಲು ಸಣ್ಣ ತಾಮ್ರದ ತಂತಿಲೇ ಗರಿ ಬಿಗಿದ್ರು, ಹಾಗಾಗಿ ಕಟ್ಟಿಗೆ ಕಟ್ಟೂ ಆಯ್ತು ಮುಳುಗೋಕೆ ತೂಕವೂ ಆಯ್ತು. ನಾನು ಆ ತಂತಿ ತರೋದು ಪಂಪ್‌ಸೆಟ್ ಮೋಟರ್ ರಿವೈಂಡಿಂಗ್ ಮಾಡೋ ಅಂಗಡಿಯಿಂದ, ಕೂದಲಿನಷ್ಟು ಸಪೂರದ ಗೇಜ್ ಕೇಳಿದ್ರೆ ಒಂದು ಸಣ್ಣ ಸುರುಳಿ ಕೊಡ್ತಾರೆ, ಎರಡು ವರ್ಷಕ್ಕೆ ಸಾಕು.

ಒಂದು ಎಚ್ಚರಿಕೆ. ನಮ್ಮ ಕಾಡಿನ ಬೂದು ಕಾಡುಕೋಳಿ ಹುಂಜದ ಕತ್ತಿನ ಗರಿ ಮೇಲೆ ಮೇಣದ ಹನಿ ಬಿದ್ದ ಹಾಗೆ ಚುಕ್ಕಿ ಇರ್ತದೆ, ಹಳೇ ಕಾಲದ ಸಾಲ್ಮನ್ ಫ್ಲೈಗಳಿಗೆ ಅದನ್ನೇ ಹುಡುಕಿ ಹುಡುಕಿ ಹಾಕ್ತಿದ್ರು. 1972ರ ವನ್ಯಜೀವಿ ಕಾಯ್ದೆ ಪ್ರಕಾರ ಅದು ರಕ್ಷಿತ ಹಕ್ಕಿ. "ಒಂದೆರಡು ಗರಿ ತಂದ್ಕೊಡ್ತೇನೆ" ಅಂತ ನನಗೂ ಹೇಳಿದವ್ರಿದ್ದಾರೆ, ದಯವಿಟ್ಟು ಬೇಡ. ಮೀನಿಗೆ ಆ ಗರಿಯ ಹಂಗಿಲ್ಲ.

"ಎಸೆಯೋದು ಊರಲ್ಲೇ ಕಲಿಬಹುದಾ? ಎಷ್ಟು ದಿನ ಬೇಕು?"

ಊರಲ್ಲೇ ಕಲ್ತು ಹೋಗಿ, ದಯವಿಟ್ಟು. ಅಷ್ಟು ದೂರ ಹೋಗಿ ಮೂರು ದಿನ ದಾರ ಗಿಡದಿಂದ ಬಿಡಿಸೋದ್ರಲ್ಲೇ ಕಳೆದವ್ರನ್ನ ನೋಡಿ ನನಗೇ ಸಂಕಟ ಆಗಿದೆ. ಕಾರವಾರದವ್ರಿಗೆ ಟ್ಯಾಗೋರ್ ಬೀಚ್ ಇದೆ, ಬೆಳಿಗ್ಗೆ ಎಂಟರ ಒಳಗೆ, ಆಮೇಲೆ ಸಮುದ್ರದ ಗಾಳಿ ಏಳ್ತದೆ. ಶಿರಸಿ, ಸಿದ್ದಾಪುರ ಕಡೆಯವ್ರಿಗೆ ಕೊಯ್ಲು ಆದ ಗದ್ದೆ ಒಳ್ಳೇದು, ಅಡಿಕೆ ತೋಟದಲ್ಲಿ ಬೇಡ. ಕೊಕ್ಕೆ ಬದಲು ತುದಿಗೆ ಉಲ್ಲನ್ ದಾರದ ಒಂದು ಚೂರು ಕಟ್ಟಿ.

ಮೊದಲು ನೆಲದ ಮೇಲೆ 25-30 ಅಡಿ ಲೈನ್ ನೆಟ್ಟಗೆ ಹಾಸಿ. ಮೊಣಕೈ ಮೈ ಹತ್ರ ಇಟ್ಟು, ನಿಧಾನ ಶುರು ಮಾಡಿ, ಬರ್ತಾ ಬರ್ತಾ ಜೋರು ಮಾಡಿ, ರಾಡ್ ನಿಮ್ಮ ಕಿವಿ ದಾಟಿ ಸ್ವಲ್ಪ ಹಿಂದೆ ಹೋದ ಕೂಡ್ಲೆ ಗಕ್ಕನೆ ನಿಲ್ಲಿಸಿ. ಗಡಿಯಾರದ ಲೆಕ್ಕದಲ್ಲಿ ಒಂದು ಗಂಟೆ ಜಾಗ. ಈಗ ಕಾಯಿರಿ. ಲೈನ್ ಹಿಂದೆ ಪೂರ್ತಿ ಬಿಚ್ಕೊಳ್ಳೋ ತನಕ ಕಾಯಿರಿ, ಬೇಕಾದ್ರೆ ತಿರುಗಿ ನೋಡಿ, ನೋಡೋದು ತಪ್ಪಲ್ಲ. ಆಮೇಲೆ ಮುಂದಕ್ಕೆ ಹಾಗೇ ತಂದು ಹತ್ತು ಗಂಟೆ ಜಾಗದಲ್ಲಿ ನಿಲ್ಲಿಸಿ. ಹಿಂದೆ "ಪಟ್" ಅಂತ ಚಾಟಿ ಸದ್ದು ಬಂದ್ರೆ ನೀವು ಕಾಯ್ಲಿಲ್ಲ ಅಂತ ಅರ್ಥ, ನಿಜವಾದ ಫ್ಲೈ ಇದ್ದಿದ್ರೆ ಅದು ಕಿತ್ತು ಹೋಗಿರ್ತಿತ್ತು. ದಿನಕ್ಕೆ ಇಪ್ಪತ್ತು ನಿಮಿಷ, ಒಂದು ತಿಂಗಳು, ಸಾಕು. ದೂರ ಎಸೆಯೋ ಹುಚ್ಚು ಬೇಡ, ತೀರ್ಥನ್ ತರದ ಹೊಳೆಲಿ ನನ್ನ ಬಹುಪಾಲು ಮೀನು ಸಿಕ್ಕಿದ್ದು 30 ಅಡಿ ಒಳಗೆ.

ಬೀಚಿನ ಮರಳು, ಉಪ್ಪು ಲೈನಿಗೆ ಹಿಡೀತದೆ. ಮನೆಗೆ ಬಂದು ಸಿಹಿನೀರಲ್ಲಿ ತೊಳೆದು ಒರೆಸಿಡಿ.

## ಸೀಸನ್ ಲೆಕ್ಕ

"ಯಾವಾಗ ಹೋಗ್ಬೇಕು? ಮಕ್ಕಳ ಮೇ ರಜೆಲಿ ಹೋದ್ರೆ ಆಗೋದಿಲ್ವಾ?"

ಹಿಮಾಚಲದಲ್ಲಿ ಟ್ರೌಟ್ ಸೀಸನ್ ಮಾರ್ಚ್ 1ಕ್ಕೆ ಶುರು, ಅಕ್ಟೋಬರ್ ಕೊನೆಗೆ ಮುಗೀತದೆ. ಆದ್ರೆ ಈ ಎಂಟು ತಿಂಗಳಲ್ಲಿ ಹೊಳೆ ನಾಲ್ಕು ಬೇರೆ ಬೇರೆ ಹೊಳೆ ಆಗ್ತದೆ.

ಮಾರ್ಚಲ್ಲಿ ಮೇಲೆ ಹಿಮ ಇನ್ನೂ ಕರಗಿರೋದಿಲ್ಲ, ನೀರು ಕಡಿಮೆ, ತಿಳಿ, ಕೊರೆಯೋ ಚಳಿ, ಮೀನು ತಳಕ್ಕೆ ಅಂಟ್ಕೊಂಡಿರ್ತದೆ. ಬೆಳಿಗ್ಗೆ ಬೇಗ ಎದ್ದು ಪ್ರಯೋಜನ ಇಲ್ಲ, ಬಿಸಿಲು ನೀರಿಗೆ ಬಿದ್ದ ಮೇಲೆ ಹನ್ನೊಂದರಿಂದ ಮೂರರ ತನಕ ಭಾರದ ನಿಂಫ್ ತಳದಲ್ಲಿ ಉರುಳಿಸ್ಬೇಕು. ಏಪ್ರಿಲಲ್ಲಿ ಹುಳ ಏಳೋಕೆ ಶುರು ಆಗ್ತದೆ, ಮೀನು ಮೇಲಕ್ಕೂ ನೋಡ್ತದೆ, ಮೇ ಮೊದಲ ವಾರದ ತನಕ ಒಳ್ಳೆ ಹೊತ್ತು.

ಮೇ ಅರ್ಧ ಆದ ಮೇಲೆ ಹಿಮ ಕರಗೋ ನೀರು ಬರ್ತದೆ. ನಮ್ಮ ಖಾರ್ಲ್ಯಾಂಡ್ (ಅಳಿವೆ ಪಕ್ಕದ ಉಪ್ಪುನೀರಿನ ಗದ್ದೆ) ಕಡೆ ಉಬ್ಬರ ಇಳಿತದ ಹಾಗೆ ಇದಕ್ಕೂ ದಿನದ ಲೆಕ್ಕ ಇದೆ, ಮಧ್ಯಾಹ್ನದ ಬಿಸಿಲಿಗೆ ಮೇಲೆ ಕರಗಿದ್ದು ಸಂಜೆ ಕೆಳಗೆ ಬಂದು ಹೊಳೆ ಏರ್ತದೆ, ಬಣ್ಣ ಬೂದಿ ಆಗ್ತದೆ, ರಾತ್ರಿ ಚಳಿಗೆ ಇಳಿದು ಬೆಳಿಗ್ಗೆ ಮತ್ತೆ ಸ್ವಲ್ಪ ತಿಳಿ. ಹಾಗಾಗಿ ಮೇ ರಜೆಲಿ ಹೋಗೋರು ಬೆಳಗಿನ ಹೊತ್ತು ಹಿಡ್ಕೊಳ್ಳಿ, ಸಂಜೆ ಮಕ್ಕಳ ಜೊತೆ ತಿರುಗಾಡಿ.

ಜುಲೈ, ಆಗಸ್ಟ್ ಹೋಗ್ಲೇಬೇಡಿ. ಗುಡ್ಡ ಜಾರ್ತದೆ, ಹೊಳೆ ಹೇಳದೆ ಬರ್ತದೆ. 2023ರ ಜುಲೈಲಿ ಕುಲ್ಲು ಜಿಲ್ಲೆಲಿ ಬಿಯಾಸ್ ಉಕ್ಕಿ ರಸ್ತೆ, ಸೇತುವೆ ಹೋದದ್ದು ಎಲ್ರೂ ಟಿವಿಲಿ ನೋಡಿದ್ದೇವೆ. ಆಟಕ್ಕೆ ಅಂತ ಹೋಗೋ ಸಮಯ ಅಲ್ಲ ಅದು.

ನನ್ನ ಮೆಚ್ಚಿನ ಸಮಯ ಸೆಪ್ಟೆಂಬರ್ ಮೂರನೇ ವಾರದಿಂದ ಅಕ್ಟೋಬರ್ ಮಧ್ಯದ ತನಕ. ನಮ್ಮಲ್ಲಿ ಹಸ್ತ ಮಳೆ ಹೊಯ್ತಾ ಇರುವಾಗ ಅಲ್ಲಿ ಹೊಳೆ ಗಾಜಿನ ಹಾಗೆ ಆಗಿರ್ತದೆ, ಒಂದೊಂದು ಕಲ್ಲೂ ಎಣಿಸ್ಬಹುದು. ಮೊಟ್ಟೆ ಇಡೋ ಕಾಲಕ್ಕೆ ತಯಾರಾಗ್ತಾ ಇರೋದ್ರಿಂದ ಮೀನಿನ ಬಣ್ಣ ಆಗಲೇ ಕಡು, ಹಸಿವೂ ಜಾಸ್ತಿ. ಆದ್ರೆ ನೀರು ತಿಳಿ ಇದ್ದಷ್ಟೂ ಅದಕ್ಕೆ ನೀವೂ ಕಾಣ್ತೀರಿ.

"ನವೆಂಬರಿಂದ ಫೆಬ್ರವರಿ ತನಕ ಬಂದ್ ಯಾಕೆ? ಅಷ್ಟು ಬಿಗಿ ಬೇಕಾ?"

ಬೇಕು. ನಮ್ಮ ಕರಾವಳಿಲಿ ಜೂನ್ 1ರಿಂದ ಜುಲೈ 31ರ ತನಕ ಯಾಂತ್ರಿಕ ದೋಣಿ ಸಮುದ್ರಕ್ಕೆ ಇಳಿಯೋದಿಲ್ಲವಲ್ಲ, ಅದೇ ಕಾರಣ. ಚಳಿ ಬಿದ್ದ ಮೇಲೆ ಹೆಣ್ಣು ಮೀನು ಆಳ ಇಲ್ಲದ ಜಾಗದಲ್ಲಿ ಸಣ್ಣ ಕಲ್ಲಿನ ಹಾಸು ಹುಡುಕಿ, ಒಂದು ಮಗ್ಗುಲಾಗಿ ಬಾಲ ಬಡಿದು ಬಡಿದು ಗುಂಡಿ ಮಾಡ್ತದೆ, ಮೊಟ್ಟೆ ಇಟ್ಟು ಮೇಲಿಂದ ಕಲ್ಲು ಮುಚ್ತದೆ. ನೀರು 10 ಡಿಗ್ರಿ ಇದ್ರೆ ಮೊಟ್ಟೆ ಒಡೆಯೋಕೆ ಸುಮಾರು 40 ದಿನ, 5 ಡಿಗ್ರಿ ಇದ್ರೆ 80ಕ್ಕಿಂತ ಜಾಸ್ತಿ, ಆಮೇಲೂ ಮರಿ ಕೆಲವು ವಾರ ಕಲ್ಲಿನ ಒಳಗೇ ಇರ್ತದೆ. ಅಷ್ಟೂ ದಿನ ಅದರ ಮೇಲೆ ಒಂದು ಬೂಟುಕಾಲು ಬಿದ್ರೂ ಎಷ್ಟೋ ಮೊಟ್ಟೆ ಹೋಗ್ತದೆ. ಅಕ್ಟೋಬರ್ ಕೊನೆಲಿ, ಮಾರ್ಚ್ ಶುರುಲಿ ಹೋಗೋರು ಸುತ್ತ ಪಾಚಿ ಇದ್ದು ಒಂದು ಕಡೆ ಮಾತ್ರ ತೊಳೆದ ಹಾಗೆ ಬೆಳ್ಳಗೆ ಕಾಣೋ ಕಲ್ಲುಹಾಸು ಕಂಡ್ರೆ ಸುತ್ತು ಹಾಕಿ ಹೋಗಿ.

"ಹೋಗೋದು ಹೇಗೆ? ಲೈಸೆನ್ಸ್ ಬೇಕಾ?"

ಕಾರವಾರದಿಂದ ಮಂಗಳಾ ಎಕ್ಸ್‌ಪ್ರೆಸ್ ಹಿಡಿದು ದಿಲ್ಲಿ, ಅಲ್ಲಿಂದ ರಾತ್ರಿ ಮನಾಲಿ ಬಸ್, ಔಟ್ ಅನ್ನೋ ಊರಲ್ಲಿ ಸುರಂಗಕ್ಕಿಂತ ಮೊದಲೇ ಇಳೀಬೇಕು, ನಿದ್ದೆ ಹೋದ್ರೆ ಕುಲ್ಲುಗೆ ಹೋಗ್ತೀರಿ. ಅಲ್ಲಿಂದ ಬಂಜಾರ್, ಗುಶೈನಿ ಕಡೆ ಬಸ್ಸು, ಜೀಪು ಸಿಗ್ತದೆ. ಲೈಸೆನ್ಸ್ ಬೇಕೇ ಬೇಕು, ಹಿಮಾಚಲ ಮೀನುಗಾರಿಕೆ ಇಲಾಖೆ ಕೊಡ್ತದೆ, ದಿನದ ಲೆಕ್ಕದಲ್ಲಿ. ಎಷ್ಟು ಮೀನು, ಎಷ್ಟು ಉದ್ದದ್ದು ಅನ್ನೋ ನಿಯಮ ಅದರ ಜೊತೆ ಬರ್ತದೆ, ಓದಿ, ಜೇಬಲ್ಲೇ ಇಟ್ಕೊಳ್ಳಿ.

## ಹೊಳೆ ಓದೋದು

"ಅಷ್ಟು ಉದ್ದ ಹೊಳೆಲಿ ಮೀನು ಎಲ್ಲಿದೆ ಅಂತ ಗೊತ್ತಾಗೋದು ಹೇಗೆ?"

ಮೀನು ಹುಡುಕ್ಬೇಡಿ, ನೀರು ನೋಡಿ. ಟ್ರೌಟಿಗೆ ಬೇಕಾದ್ದು ಮೂರು: ಕಷ್ಟಪಟ್ಟು ಈಜದೆ ನಿಲ್ಲೋ ಜಾಗ, ಬಾಯಿ ಹತ್ರ ಊಟ ತರೋ ಹರಿವು, ಹೆದರಿಕೆ ಆದ್ರೆ ಓಡಿ ಅಡಗೋ ಸಂದಿ. ಈ ಮೂರೂ ಒಟ್ಟಿಗೆ ಇರೋದು ಜೋರು ನೀರೂ ನಿಧಾನ ನೀರೂ ತಾಗೋ ಗೆರೆಲಿ. ನೊರೆ ಎಲ್ಲಿ ಸಾಲಾಗಿ ಹೋಗ್ತದೆ ನೋಡಿ, ನೊರೆ ಹೋಗೋ ದಾರಿಲೇ ಹುಳವೂ ಹೋಗ್ತದೆ. ದೊಡ್ಡ ಬಂಡೆ ಇದ್ರೆ ಎಲ್ರೂ ಅದರ ಹಿಂದೆ ಹಾಕ್ತಾರೆ, ಅದರ ಮುಂದೆಯೂ ನೀರು ತಾಗಿ ತಿರುಗೋ ಕಡೆ ಒಂದು ಮೆತ್ತನೆ ಜಾಗ ಇರ್ತದೆ, ಒಳ್ಳೆ ಮೀನು ಎಷ್ಟೋ ಸಲ ಅಲ್ಲಿರ್ತದೆ.

ಮೀನು ಯಾವಾಗ್ಲೂ ಹರಿವಿಗೆ ಮುಖ ಮಾಡಿ ನಿಂತಿರ್ತದೆ. ಹಾಗಾಗಿ ಕೆಳಗಿಂದ ಮೇಲಕ್ಕೆ, ಅದರ ಬೆನ್ನ ಹಿಂದಿಂದ ಹೋಗಿ. ನೀರಿನ ಒಳಗಿಂದ ಅದಕ್ಕೆ ಹೊರಗಿನ ಲೋಕ ಕಾಣೋದು ತಲೆ ಮೇಲೆ 97 ಡಿಗ್ರಿಯ ಒಂದು ದುಂಡು ಕಿಟಕಿಲಿ ಮಾತ್ರ. ನೀವು ತಗ್ಗಿದಷ್ಟೂ ಆ ಕಿಟಕಿಯ ಅಂಚಿಗೆ ಹೋಗ್ತೀರಿ. ನಾನು ಎಷ್ಟೋ ಕಡೆ ಮಂಡಿ ಮೇಲೇ ಹೋಗೋದು. ಬಿಳಿ ಅಂಗಿ ಬೇಡ, ಕಲ್ಲು ಕುಟ್ಟಿ ನಡೆಯೋದು ಬೇಡ.

ಮೊದಲ ದಿನ ರಾಡ್ ಬಿಚ್ಚದೆ ಒಂದು ಗಂಟೆ ಸುಮ್ಮನೆ ಕೂರಿ ಅಂತ ಎಲ್ರಿಗೂ ಹೇಳ್ತೇನೆ. ಒಂದು ಕಲ್ಲು ಎತ್ತಿ ಅಡಿಮಗುಚಿ. ಚಪ್ಪಟೆ ಮೈ, ಹಿಂದೆ ಎರಡೋ ಮೂರೋ ಸಪೂರ ಬಾಲ ಇರೋ ಹುಳ ಓಡಿದ್ರೆ ಅದು ಮೇಫ್ಲೈ ಮರಿ. ಮರಳಿನ ಕಾಳು ಅಂಟಿಸಿ ಮಾಡಿದ ಸಣ್ಣ ಕೊಳವೆ ಕಂಡ್ರೆ ಒಳಗೆ ಕ್ಯಾಡಿಸ್ ಹುಳ ಇದೆ. ಅಲ್ಲಿಗೆ ಅವತ್ತು ಯಾವ ಫ್ಲೈ ಅನ್ನೋದಕ್ಕೆ ಅರ್ಧ ಉತ್ತರ ಸಿಕ್ಕಿತು. ಈ ಹುಳಗಳು ನಮ್ಮ ಶಾಲ್ಮಲೆ, ಅಘನಾಶಿನಿ ಹಳ್ಳಗಳ ಕಲ್ಲಿನ ಕೆಳಗೂ ಇದ್ದಾವೆ, ಅಲ್ಲೇ ನೋಡಿ ಅಭ್ಯಾಸ ಮಾಡ್ಕೊಳ್ಳಿ. ನೋಡಿ ಆದ ಮೇಲೆ ಕಲ್ಲು ಇದ್ದ ಹಾಗೇ ವಾಪಸ್ ಇಡಿ.

"ಮೀನು ಮೇಲೆ ಬಂದು ಹುಳ ತಿಂತಾ ಇರೋದು ಕಣ್ಣಿಗೇ ಕಾಣ್ತದೆ, ನನ್ನ ಫ್ಲೈ ಮಾತ್ರ ಮುಟ್ಟೋದಿಲ್ಲ! ಎಂತ ತಪ್ಪು ಮಾಡ್ತಿದ್ದೇನೆ?"

ಹತ್ತಕ್ಕೆ ಎಂಟು ಸಲ ತಪ್ಪು ಫ್ಲೈದಲ್ಲ, ಅದು ತೇಲೋ ರೀತಿದು. ನಿಮ್ಮ ಲೈನ್ ಜೋರು ನೀರಿನ ಮೇಲೆ ಬಿದ್ದಿದೆ, ಫ್ಲೈ ನಿಧಾನ ನೀರಲ್ಲಿದೆ, ಲೈನ್ ಮುಂದೆ ಹೋಗಿ ಫ್ಲೈನ ಎಳೀತದೆ, ಹಿಂದೆ ವಿ ಆಕಾರದ ಸಣ್ಣ ಗೀರು ಏಳ್ತದೆ. ನಿಜವಾದ ಹುಳ ಹಾಗೆ ಓಡೋದಿಲ್ಲ, ಮೀನಿಗೆ ಅದು ಗೊತ್ತು. ಲೈನ್ ಬಿದ್ದ ಕೂಡ್ಲೆ ರಾಡ್ ತುದಿಲಿ ಅದನ್ನ ಮೆಲ್ಲಗೆ ಎತ್ತಿ ಹರಿವಿನ ಮೇಲ್ಗಡೆಗೆ ಹಾಕಿ, ಅದಕ್ಕೆ ಮೆಂಡ್ ಮಾಡೋದು ಅಂತಾರೆ. ಇನ್ನೂ ಒಳ್ಳೇದು ಅಂದ್ರೆ ಎರಡು ಹೆಜ್ಜೆ ಹತ್ರ ಹೋಗಿ, ರಾಡ್ ಎತ್ತರಿಸಿ, ಲೈನನ್ನೇ ಜೋರು ನೀರಿಗೆ ತಾಗಿಸ್ಬೇಡಿ.

ಅದೂ ಸರಿ ಇದ್ದು ತಿನ್ನದಿದ್ರೆ ಮೀನಿನ ಬಾಯಿ ನೋಡಿ. ಮೂತಿ ಹೊರಗೆ ಬಂದು ಒಂದು ಗುಳ್ಳೆ ಉಳಿದ್ರೆ ಅದು ಮೇಲಿಂದ ತಿಂತಾ ಇದೆ. ಬರೀ ಬೆನ್ನು ಅಥವಾ ಬಾಲ ಕಂಡು ಗುಳ್ಳೆ ಇಲ್ಲದಿದ್ರೆ ಮೇಲ್ಮೈಗಿಂತ ಒಂದು ಬೆರಳು ಕೆಳಗೆ ತಿಂತಾ ಇದೆ, ಅಂದ್ರೆ ಪೊರೆ ಬಿಚ್ಚಿ ಹೊರಗೆ ಬರೋಕೆ ಒದ್ದಾಡ್ತಾ ಇರೋ ಹುಳವನ್ನ. ಮೊದಲ ಮಳೆ ಬಿದ್ದ ಸಂಜೆ ನಮ್ಮ ಅಂಗಳದಲ್ಲಿ ಮಳೆಹುಳ ಏಳ್ತದಲ್ಲ, ಆಗ ಕೋಳಿಗಳು ಹಾರೋದನ್ನ ಅಟ್ಟಿಸ್ಕೊಂಡು ಹೋಗೋದಿಲ್ಲ, ತೂತಿನ ಬಾಯಲ್ಲೇ ನಿಂತು ಹೊರಗೆ ಬರೋದನ್ನ ಒಂದೊಂದೇ ಕುಕ್ತಾವೆ. ಟ್ರೌಟಿಂದೂ ಅದೇ ಲೆಕ್ಕ, ಸುಲಭಕ್ಕೆ ಸಿಗೋದು ಮೊದಲು. ಆಗ ಎತ್ತರ ತೇಲೋ ಫ್ಲೈ ತೆಗೆದು, ಅರ್ಧ ಮುಳುಗೋ ಎಮರ್ಜರ್ ಕಟ್ಟಿ, ಇಲ್ಲಾಂದ್ರೆ ಇದ್ದ ಫ್ಲೈದೇ ಕೆಳಗಿನ ಗರಿ ಕತ್ತರಿಯಲ್ಲಿ ಸಪಾಟು ಮಾಡಿ.

ಇನ್ನೊಂದು ವಿಷಯ ಹೇಳ್ಬೇಕು, ಇದಕ್ಕೆ ಸಂಬಂಧ ಅಷ್ಟಿಲ್ಲ, ಆದ್ರೂ. ಮೇಫ್ಲೈ ರೆಕ್ಕೆ ಬಂದ ಮೇಲೆ ಮತ್ತೊಂದು ಸಲ ಪೊರೆ ಬಿಡ್ತದೆ, ಕೀಟ ಲೋಕದಲ್ಲಿ ಬೇರೆ ಯಾವುದೂ ಹಾಗೆ ಮಾಡೋದಿಲ್ಲ. ದೊಡ್ಡದಾದ ಮೇಲೆ ಅದು ಏನೂ ತಿನ್ನೋದಿಲ್ಲ, ಹೆಚ್ಚಂದ್ರೆ ಒಂದೆರಡು ದಿನದ ಬದುಕು. ಒಂದು ಸಂಜೆ ನನ್ನ ಅಂಗಿ ತೋಳಿನ ಮೇಲೆ ಒಂದು ಕೂತು ಆ ಪೊರೆ ಬಿಡ್ತು, ಮಂಕಾಗಿದ್ದ ರೆಕ್ಕೆ ಒಳಗಿಂದ ಗಾಜಿನಂತಾ ರೆಕ್ಕೆ ಬಂತು, ನಾಲ್ಕೈದು ನಿಮಿಷ ಆಗಿರ್ಬಹುದು, ಹಾರಿ ಹೋಯ್ತು, ಖಾಲಿ ಪೊರೆ ತೋಳಿಗೆ ಅಂಟಿ ಉಳೀತು. ಆ ಸಂಜೆ ಮೀನು ಹಿಡಿದ್ನಾ ಇಲ್ವಾ ನೆನಪಿಲ್ಲ.

"ಹೊಳೆಗೆ ಇಳಿಯೋದು ಅಪಾಯ ಅಲ್ವಾ? ಈಜು ಬರ್ತದೆ ನನಗೆ"

ಸಮುದ್ರದ ಈಜು ಅಲ್ಲಿ ಉಪಯೋಗಕ್ಕೆ ಬರೋದಿಲ್ಲ. ನೀರು ಅಷ್ಟು ತಣ್ಣಗಿರುವಾಗ ಮೊದಲ ಉಸಿರೇ ಕಟ್ತದೆ. ನಾನು ನಾಲ್ಕನೇ ವರ್ಷ ಪಾಚಿ ಕಲ್ಲಿಂದ ಜಾರಿ ಬಿದ್ದು ಹತ್ತು ಹದಿನೈದು ಅಡಿ ಹೋದೆ, ಸೊಂಟದಷ್ಟೇ ನೀರು, ಎದ್ದು ನಿಲ್ಲೋಕೆ ಆಗ್ಲಿಲ್ಲ, ಮೊಣಕಾಲು ಕೆತ್ತಿ ಹೋಯ್ತು. ಅವತ್ತಿಂದ ಮಂಡಿ ಮೇಲೆ ನೀರಿಗೆ ಹೋಗೋದಿಲ್ಲ, ಕೈಯಲ್ಲಿ ಒಂದು ಕೋಲು, ಬೂಟಿಗೆ ಫೆಲ್ಟ್ ಅಟ್ಟೆ. ಅಣೆಕಟ್ಟು ಇರೋ ಹೊಳೆಲಿ ನೀರು ಬಿಡೋ ಸೈರನ್ ಕೇಳಿದ್ರೆ ಆ ಕ್ಷಣ ಹೊರಗೆ, ನಮ್ಮ ಕದ್ರಾ ಅಣೆಕಟ್ಟಿನ ಕೆಳಗಿನವ್ರಿಗೆ ನಾನು ಇದನ್ನ ಹೇಳೋ ಅಗತ್ಯ ಇಲ್ಲ.

## ಕಷ್ಟದ ಪ್ರಶ್ನೆಗಳು

"ಬಿಟ್ಟ ಮೀನು ನಿಜವಾಗ್ಲೂ ಬದುಕ್ತದಾ?"

ನೀವು ಹೇಗೆ ಹಿಡಿದ್ರಿ ಅನ್ನೋದ್ರ ಮೇಲೆ ಇದೆ. ಕೊಕ್ಕೆಯ ಒಳಮುಳ್ಳು ಮೊದಲೇ ಇಕ್ಕಳದಲ್ಲಿ ಒತ್ತಿ ಚಪ್ಪಟೆ ಮಾಡಿ. ಬೇಗ ತನ್ನಿ, ಆಟ ಆಡಿಸ್ಬೇಡಿ. ಕೈ ಒದ್ದೆ ಮಾಡ್ದೆ ಮುಟ್ಲೇಬೇಡಿ, ಒಣ ಕೈ ಅದರ ಮೈಯ ಲೋಳೆ ಕೀಳ್ತದೆ, ಆಮೇಲೆ ಅಲ್ಲಿ ಬೂಸ್ಟು ಹಿಡೀತದೆ. ಆದಷ್ಟೂ ನೀರಲ್ಲೇ ಇಟ್ಟು ಕೊಕ್ಕೆ ಬಿಡಿಸಿ, ಫೋಟೋ ಬೇಕೇ ಬೇಕು ಅಂದ್ರೆ ಎತ್ತಿದಾಗ ನೀವೂ ಉಸಿರು ಹಿಡ್ಕೊಳ್ಳಿ, ನಿಮಗೆ ಕಷ್ಟ ಆಗೋಕೂ ಮೊದಲೇ ಇಳಿಸಿ. ಬಿಡುವಾಗ ಹರಿವಿಗೆ ಮುಖ ಮಾಡಿ ಹಿಡೀರಿ, ಅದೇ ಬಾಲ ಬೀಸಿ ಹೋಗ್ಲಿ. ಜೇಬಲ್ಲಿ ಒಂದು ಥರ್ಮಾಮೀಟರ್ ಇಟ್ಕೊಳ್ಳಿ, ನೀರು 19-20 ಡಿಗ್ರಿ ತೋರಿಸಿದ್ರೆ ಅವತ್ತಿಗೆ ಸಾಕು ಮಾಡಿ.

"ತಿನ್ನೋದಿಲ್ಲ ಅಂದ್ಮೇಲೆ ಹಿಡಿಯೋದು ಎಂತಕ್ಕೆ? ಪಾಪ ಅಲ್ವಾ?"

ಶಿರಸಿ ಕಡೆಯ ಹಿರಿಯರು ಹೆಚ್ಚಾಗಿ ಕೇಳೋದು. ಶೃಂಗೇರಿಲಿ ಮೀನಿಗೆ ಅಕ್ಕಿ ಹಾಕಿ ಕೈ ಮುಗಿಯೋ ಮನೆತನದವ್ರು, ಅವ್ರ ಪ್ರಶ್ನೆಗೆ ನಾನು ಹಗುರ ಉತ್ತರ ಕೊಡೋದಿಲ್ಲ. ಮೀನಿಗೆ ತೊಂದರೆ ಆಗ್ತದೆ, ಹೌದು. ಕೆಲವು ಸಾಯ್ತಾವೆ, ಅದೂ ಹೌದು. ನಿಯಮದ ಒಳಗೆ ಒಂದೆರಡು ಹಿಡಿದು ಬೇಯಿಸಿ ತಿಂದ್ರೆ ಅದೂ ತಪ್ಪಲ್ಲ ಅಂತ ಮೀನು ತಿನ್ನೋ ಮನೆಲಿ ಹುಟ್ಟಿದ ನಾನು ನಂಬ್ತೇನೆ. ನನ್ನ ಮಟ್ಟಿಗೆ ನಾನು ದಿನಕ್ಕೆ ಐದು ಮೀನು ಅಂತ ಗೆರೆ ಹಾಕ್ಕೊಂಡಿದ್ದೇನೆ, ಐದಾದ ಮೇಲೆ ರಾಡ್ ಬಿಚ್ಚಿ ಚೀಲಕ್ಕೆ. ಹೊಳೆಯ ಬಗ್ಗೆ ನನಗೆ ಗೊತ್ತಿರೋ ಅಷ್ಟೂ ಗೊತ್ತಾದದ್ದು ಈ ಮೀನಿನ ಹಿಂದೆ ಹೋಗಿನೇ. ನೀರಿನ ಬಿಸಿ ಎಷ್ಟು, ಕಲ್ಲಿನ ಕೆಳಗೆ ಯಾರಿದ್ದಾರೆ, ಮೇಲೆ ಯಾರು ಮರಳು ತೆಗೀತಿದ್ದಾರೆ, ಇದನ್ನೆಲ್ಲ ನಾನು ಕಾಳಿ ದಂಡೆಲಿ ಹುಟ್ಟಿಯೂ ಮೊದಲು ನೋಡಿದವ ಅಲ್ಲ. ತೀರ್ಥನ್ ಕಣಿವೆ ಜನ ಹೋರಾಡಿ ತಮ್ಮ ಹೊಳೆಗೆ ಜಲವಿದ್ಯುತ್ ಯೋಜನೆ ಬರದ ಹಾಗೆ ಉಳಿಸ್ಕೊಂಡ್ರು, ಬೇಡ್ತಿ ಹೊಳೆಗೋಸ್ಕರ ನಮ್ಮ ಶಿರಸಿ ಕಡೆಯವ್ರು ಮಾಡಿದ ಹಾಗೇ. ಆ ಎರಡೂ ಕಥೆ ಒಂದೇ ಅಂತ ನನಗೆ ಅಲ್ಲಿ ಹೋದ ಮೇಲೆ ಅರ್ಥ ಆಯ್ತು. ಈ ಉತ್ತರ ಎಲ್ರಿಗೂ ಒಪ್ಪಿಗೆ ಆಗೋದಿಲ್ಲ, ಆಗ್ಬೇಕು ಅಂತಲೂ ಇಲ್ಲ.

"ಇದೇ ರಾಡಲ್ಲಿ ನಮ್ಮ ಅಳಿವೆಲಿ ಮೀನು ಹಿಡಿಬಹುದಾ?"

ಸಣ್ಣ ಮೀನಿಗೆ ಆಗ್ತದೆ. ಚೋಣಕ, ತಾಂಬೋಶಿ ತರದ್ದು ಬೇಕು ಅಂದ್ರೆ 8 ವೇಟ್ ರಾಡ್, ಉಪ್ಪು ತಡೆಯೋ ರೀಲು, ದಪ್ಪ ಟಿಪ್ಪೆಟ್ ಬೇಕು, 5 ವೇಟ್ ಮುರೀತದೆ. ಅಳಿವೆಲಿ ಬೆಳಚು ತೆಗೆಯೋರು, ಬಲೆ ಹಾಕೋರು ಹೊಟ್ಟೆಪಾಡಿಗೆ ಇರೋರು, ಅವ್ರ ಜಾಗ ಬಿಟ್ಟು ನಿಲ್ಲಿ. ಕಾಳಿ ಹೊಳೆ ಮೇಲ್ಗಡೆ ಹುಲಿ ಸಂರಕ್ಷಿತ ಪ್ರದೇಶದಲ್ಲಿ ರಾಡ್ ತೆಗೀಲೇಬೇಡಿ.

"ಘಟ್ಟದ ಮೇಲೆ ನಮ್ಮದೇ ಜಾಗದಲ್ಲಿ ಒಳ್ಳೆ ಹಳ್ಳ ಇದೆ, ವರ್ಷಪೂರ್ತಿ ನೀರು. ಒಂದಿಷ್ಟು ಟ್ರೌಟ್ ಮರಿ ತಂದು ಬಿಟ್ರೆ?"

ಮರಿ ಒಂದು ವಾರ ಬದುಕೋದೂ ಕಷ್ಟ, ಕಾರಣ ಮೇಲೆ ಹೇಳಿದ್ದೇನೆ. ಬದುಕ್ತದೆ ಅಂತಾದ್ರೂ ಬೇಡ ಅಂತಲೇ ಹೇಳ್ತೇನೆ. ಪ್ರಕೃತಿ ಸಂರಕ್ಷಣೆಯ ಅಂತರರಾಷ್ಟ್ರೀಯ ಸಂಸ್ಥೆ ಐಯುಸಿಎನ್‌ನ ತಜ್ಞರ ಗುಂಪು ಮಾಡಿದ ಜಗತ್ತಿನ 100 ಕೆಟ್ಟ ಆಕ್ರಮಣಕಾರಿ ಜೀವಿಗಳ ಪಟ್ಟಿಲಿ ಬ್ರೌನ್ ಟ್ರೌಟ್ ಇದೆ, ರೇನ್‌ಬೋನೂ ಇದೆ. ಹಿಮಾಲಯದಲ್ಲೇ ಮೂಲದಿಂದ ಇರೋ ಸ್ನೋ ಟ್ರೌಟ್ ಅಂತ ಬೇರೆ ಮೀನಿದೆ, ಹೆಸರಿಗೆ ಟ್ರೌಟ್, ಜಾತಿಲಿ ನಮ್ಮ ಕಾಟ್ಲಾ, ರೋಹು ಕಡೆಯ ಸಂಬಂಧ. ಅದರ ಜಾಗ, ಅದರ ಊಟ, ಅದರ ಮರಿ, ಮೂರರ ಮೇಲೂ ಬ್ರೌನ್ ಟ್ರೌಟಿನ ಹೊಡೆತ ಬಿದ್ದಿದೆ. ನಾನು ಇಷ್ಟಪಡೋ ಮೀನು ಇನ್ನೊಂದರ ಮನೆ ಹೊಕ್ಕಿ ಕೂತದ್ದು ಅನ್ನೋದು ಗೊತ್ತಿದ್ದೇ ಹೋಗ್ತೇನೆ, ಅಲ್ಲಿ ಅದನ್ನ ಇನ್ನು ತೆಗೆಯೋಕೆ ಆಗೋದಿಲ್ಲ, ಆದ್ರೆ ಹೊಸ ನೀರಿಗೆ ಬಿಡೋದು ನಮ್ಮ ಕೈಲಿದೆ.

ನಿಮ್ಮ ಹಳ್ಳದಲ್ಲಿ ಈಗಾಗ್ಲೇ ಇರೋ ಮೀನು ನೋಡಿದ್ದೀರಾ? ಪಶ್ಚಿಮ ಘಟ್ಟದ ಹೊಳೆಗಳಲ್ಲಿ ಜಗತ್ತಿನ ಬೇರೆಲ್ಲೂ ಇಲ್ಲದ ಮೀನುಗಳಿವೆ, ಎಷ್ಟೋ ಸಲ ಬೆರಳುದ್ದದವು. ಬೇಸಿಗೆಲಿ ನೀರು ಗುಂಡಿಗೆ ಇಳಿದಾಗ, ಮಧ್ಯಾಹ್ನ ಬಿಸಿಲು ನೆತ್ತಿ ಮೇಲೆ ಇರುವಾಗ, ಆ ಪೋಲರಾಯ್ಡ್ ಕನ್ನಡಕ ಹಾಕ್ಕೊಂಡು ಬಂಡೆ ಮೇಲೆ ಹೊಟ್ಟೆ ಅಡಿ ಮಾಡಿ ಮಲಗಿ, ಹತ್ತು ನಿಮಿಷ ಅಲ್ಲಾಡ್ಬೇಡಿ. ಮೊದಲು ನೆರಳು ಕಾಣ್ತದೆ, ಆಮೇಲೆ ಮೀನು.